ಉಂಗುಟದ ಋಣ

ಚಪ್ಪಲಿಯ ಬಗ್ಗೆ ಬರೆಯಲು ಕೂತರೆ ಮನೆಯ ಹಿರಿಯರು ಮೂಗು ಮುರಿಯುತ್ತಾರೆ. ಹೊಸ್ತಿಲಾಚೆ ಬಿಟ್ಟು ಬರಬೇಕಾದ್ದನ್ನು ಪತ್ರಿಕೆಯೊಳಗೆ ತರಬೇಕೇ ಎಂಬುದು ಅವರ ತಕರಾರು. ಆದರೆ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿಯ ಹುಡುಗರು ಮಿಲಾನ್ ನಗರದ ಫ್ಯಾಷನ್ ಮೇಳದಲ್ಲಿ ಥೇಟ್ ನಮ್ಮ ಕೊಲ್ಹಾಪುರಿಯನ್ನೇ ಮೆಟ್ಟಿಕೊಂಡು ನಡೆದರಲ್ಲ, ಅಂದಿನಿಂದ ಚಪ್ಪಲಿ ಟಿವಿಯ ಮೂಲಕ ನಡುಮನೆಗೇ ಬಂತು. ಕಂಪನಿ ಅದನ್ನು ಬರೀ ಚರ್ಮದ ಸ್ಯಾಂಡಲ್ ಎಂದು ಕರೆದಿತ್ತು. ಊರ ಹೆಸರಿಲ್ಲ, ಮಾಡುವವರ ಸುದ್ದಿಯಿಲ್ಲ. ಬೆಲೆ ಲಕ್ಷ ದಾಟುತ್ತದಂತೆ ಎಂಬ ವದಂತಿ ಸೇರಿಕೊಂಡ ಮೇಲೆ ಸಿಟ್ಟಿಗೇಳದವರೇ ಇಲ್ಲ. ನನಗೆ ಮಾತ್ರ ಮೊದಲು ಬಂದದ್ದು ಒಂದು ಸಣ್ಣ ಅನುಮಾನ: ಆ ಹುಡುಗರ ಕಾಲಿಗೆ ಅದು ಕಚ್ಚಲಿಲ್ಲವೇ?

ಹೊಸ ಕೊಲ್ಹಾಪುರಿ ಕಚ್ಚದೆ ಬಿಡುವುದಿಲ್ಲ. ನಮ್ಮಜ್ಜ ಹೊಸ ಜೋಡು ತಂದರೆ ಅದಕ್ಕೆ ಮನೆಯಲ್ಲಿ ಅಳಿಯನ ಮರ್ಯಾದೆ. ರಾತ್ರಿ ಎಣ್ಣೆ ಸವರುವುದು, ಬೆಳಿಗ್ಗೆ ಒರೆಸುವುದು, ಅಂಗಳದಲ್ಲಿ ನಾಲ್ಕು ಸುತ್ತು ಹಾಕುವುದು, ಬೆರಳ ಸಂದಿಯಲ್ಲಿ ಕೆಂಪಗಾದ ಕಡೆ ಮತ್ತೆ ಅದೇ ಎಣ್ಣೆ. ಕೆಲವು ದಿನ ಕಾಲು ಮತ್ತು ತೊಗಲು ಹೀಗೆ ಜಗಳಾಡಿ ಕೊನೆಗೆ ರಾಜಿಯಾಗುತ್ತಿದ್ದವು. ಆಮೇಲೆ ಆ ಜೋಡು ಬೇರೆ ಯಾರ ಕಾಲಿಗೂ ಒಗ್ಗುತ್ತಿರಲಿಲ್ಲ. ಅಜ್ಜ ಓಣಿಯ ತಿರುವಿನಲ್ಲಿರುವಾಗಲೇ ಕಿರ್ರ್ ಕಿರ್ರ್ ಸದ್ದು ಮನೆಗೆ ಮುಟ್ಟುತ್ತಿತ್ತು. ಮಕ್ಕಳೆಲ್ಲ ಪುಸ್ತಕ ಹಿಡಿದು ಕೂರಲು ಅಷ್ಟು ಹೊತ್ತು ಸಾಕು.

ಮಾಡುವುದನ್ನು ಹತ್ತಿರದಿಂದ ನೋಡಬೇಕೆಂದರೆ ಅಥಣಿ ಕಡೆ ಹೋಗಬೇಕು. ಹಳೆಯ ಪದ್ಧತಿಯಲ್ಲಿ ಎಮ್ಮೆಯ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೆದು, ಚೀಲದ ಹಾಗೆ ಹೊಲಿದು, ಒಳಗೆ ಜಾಲಿಯ ತೊಗಟೆ, ಅಳಲೆಕಾಯಿ ತುಂಬಿ ನೀರು ಹೊಯ್ದು ತೂಗುಹಾಕುತ್ತಾರೆ. ಕಷಾಯ ತೊಟ್ಟಿಕ್ಕುತ್ತ ತೊಗಲು ಹದಕ್ಕೆ ಬರುತ್ತದೆ. ಆ ವಾಸನೆಯ ಬಗ್ಗೆ ಯಾವ ಫ್ಯಾಷನ್ ಪತ್ರಿಕೆಯೂ ಬರೆಯಲಾರದು. ಮುಂದಿನದು ರಂಪಿಗೆ, ಉಳಿ, ಸುತ್ತಿಗೆಗಳ ಕೆಲಸ. ಅಟ್ಟೆ ಕತ್ತರಿಸುವುದು ಗಂಡಸರಾದರೆ, ಪಟ್ಟಿಯ ಮೇಲಿನ ಸಣ್ಣ ಜಡೆ ಹೆಣೆಯುವುದು ಹೆಚ್ಚಾಗಿ ಹೆಂಗಸರು. ಹೊಲಿಗೆಗೆ ದಾರವೂ ತೊಗಲಿನದೇ. ಒಂದು ಮೊಳೆಯಿಲ್ಲ. ಕೊನೆಗೆ ಹೆಬ್ಬೆರಳಿಗೊಂದು ಉಂಗುಟ. ಇಡೀ ಚಪ್ಪಲಿಯ ಭಾರ ನಿಂತಿರುವುದು ಅದೊಂದರ ಮೇಲೆ.

ಅಥಣಿಯಲ್ಲಿ ಮಾಡಿದ್ದು ಕೊಲ್ಹಾಪುರಿ ಹೇಗಾಯಿತು ಎಂದರೆ, ಪೇಟೆ ಕೊಲ್ಹಾಪುರದಲ್ಲಿತ್ತು. ಅಲ್ಲಿಯ ದೊರೆ ಶಾಹೂ ಮಹಾರಾಜರ ಆಸರೆ ಆ ಊರಿನ ಕಸುಬಿಗೆ ಹೆಸರು ತಂದುಕೊಟ್ಟಿತು. ನಮ್ಮ ಅಥಣಿ, ನಿಪ್ಪಾಣಿಗಳ ಮಾಲು ಅದೇ ಹೆಸರು ಹೊತ್ತು ದೇಶ ಸುತ್ತಿತು. 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸಮಪಾಲು ಪಡೆದವು. ಗಡಿಯ ಜಗಳದಲ್ಲಿ ಬಸ್ಸಿಗೆ ಮಸಿ ಬಳಿಯುವವರ ಕಾಲಲ್ಲಿ ಯಾವ ರಾಜ್ಯದ ಚಪ್ಪಲಿ ಇರುತ್ತದೆಂದು ಅವರಿಗೂ ಗೊತ್ತಿರಲಾರದು.

ಎರವಲು ಪಡೆಯುವುದೇ ತಪ್ಪು ಎನ್ನುವವರ ಜೊತೆ ನಾನಿಲ್ಲ. ಹಾಗೆ ಹಟ ಹಿಡಿದರೆ ನಮ್ಮ ಬಚ್ಚಲುಮನೆಯ ಬಾಗಿಲಲ್ಲಿರುವ ಹವಾಯಿ ಚಪ್ಪಲಿಯನ್ನು ಮೊದಲು ಜಪಾನಿಗೆ ವಾಪಸು ಕಳಿಸಬೇಕಾಗುತ್ತದೆ. ಅದರ ಮೂಲ ಅಲ್ಲಿಯ ಹುಲ್ಲಿನ ಜೋರಿ. ಬಾಟಾ ಅಪ್ಪಟ ಸ್ವದೇಶಿ ಎಂದು ನಂಬಿ ತಲೆಮಾರುಗಳೇ ಸ್ಕೂಲಿಗೆ ಹೋದವು, ಆ ಕಂಪನಿ ಹುಟ್ಟಿದ್ದು ಈಗಿನ ಚೆಕ್ ದೇಶದ ಜ್ಲೀನ್ ಊರಿನಲ್ಲಿ, 1894ರಲ್ಲಿ. ಒಳ್ಳೆಯ ವಸ್ತು ಕಂಡರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ತಡೆಯಲು ಯಾರಿಂದಾದೀತು?

ನನ್ನ ತಕರಾರು ಬೇರೆ. ಶರಣರ ಕಥೆಯಲ್ಲಿ ಚಪ್ಪಲಿ ಹೊಲಿಯುವ ಕಲ್ಯಾಣದ ಹರಳಯ್ಯ ಬಸವಣ್ಣನಿಗೆ ಶರಣು ಎನ್ನುತ್ತಾನೆ. ಬಸವಣ್ಣ ತಿರುಗಿ ಶರಣು ಶರಣಾರ್ಥಿ ಎನ್ನುತ್ತಾನೆ. ಒಂದು ಶರಣು ಹೆಚ್ಚು ಬಂತಲ್ಲ, ಈ ಋಣ ತೀರಿಸುವುದು ಹೇಗೆ ಎಂದು ಹರಳಯ್ಯನಿಗೆ ಚಿಂತೆ. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ಒಯ್ಯುತ್ತಾರೆ. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಳ್ಳುತ್ತಾನೆ. ಒಂದು ಮಾತು ಹೆಚ್ಚು ಪಡೆದವನ ಸಂಕಟ ಅಂಥದ್ದು. ಮಿಲಾನಿನವರು ಪೂರ್ತಿ ಚಪ್ಪಲಿಯನ್ನೇ ಪಡೆದು ಒಂದು ಶರಣನ್ನೂ ಹೇಳಿರಲಿಲ್ಲ. ಗದ್ದಲವಾದ ಮೇಲೆ, ಹೌದು, ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದೆವು ಎಂದು ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪತ್ರ ಬರೆದರು.

ಹಾಗಂತ ಸಿಟ್ಟಾದ ನಾವು ಏನು ಹೇಳಿದ್ದೇವೆ? ಆ ಚಪ್ಪಲಿ ಮೆಟ್ಟಿ ದೇವಸ್ಥಾನದವರೆಗೆ ಹೋದೆವು, ಅದನ್ನು ಹೊಲಿದವರನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದೆವು. ಲಕ್ಷದ ಬೆಲೆ ಕೇಳಿ ಹೊಟ್ಟೆ ಉರಿದುಕೊಂಡವರು ಅಥಣಿಯ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡುವುದನ್ನು ನಾನು ಕಂಡಿದ್ದೇನೆ. ಪ್ರಾಡಾದ ಮೇಲಿನ ಸಿಟ್ಟು ಸುಲಭ. ಅದಕ್ಕೆ ಕಾಸು ಬಿಚ್ಚಬೇಕಿಲ್ಲ.

ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಒಪ್ಪಂದವೂ ಆಯಿತು. ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಸೇರಿ ಇಲ್ಲಿಯ ಕುಶಲಕರ್ಮಿಗಳಿಂದಲೇ 2,000 ಜೋಡು ಮಾಡಿಸುವುದಾಗಿ ಪ್ರಾಡಾ ಹೇಳಿತು. ಜೋಡಿಗೆ ಸುಮಾರು 800 ಯೂರೋ. ಅದರಲ್ಲಿ ಜಡೆ ಹೆಣೆದ ಕೈಗೆ ಎಷ್ಟು ಮುಟ್ಟುತ್ತದೆ ಎನ್ನುವುದೇ ನನ್ನ ಕುತೂಹಲ. ಹೆಸರು ಸಿಕ್ಕರೆ ಕೂಲಿಯೂ ಏರಬೇಕಲ್ಲ.

ಈಚೆಗೆ ಅಥಣಿಯಲ್ಲಿ ಒಂದು ಜೋಡು ಕೊಂಡೆ. ಚೌಕಾಶಿ ಮಾಡಲಿಲ್ಲ, ಇಷ್ಟೆಲ್ಲ ಬರೆಯಬೇಕೆಂದುಕೊಂಡವನಿಗೆ ಅದು ಒಪ್ಪುತ್ತಿರಲಿಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕೊಲ್ಹಾಪುರಿ ಎಂದಿತ್ತು.

“ಅಲ್ರಿ ಕಾಕಾ, ಮಾಡಾವ್ರು ನೀವು. ಅಥಣಿ ಚಪ್ಪಲ್ ಅಂತ ಬರಸಬಾರದೇನ್ರಿ?”

ಕಾಕಾ ಚಿಲ್ಲರೆ ಎಣಿಸುತ್ತಲೇ ನಕ್ಕರು.

“ಬರಸಬೌದ್ರಿ. ಆದ್ರ ಹಂಗ ಬರಸಿದ್ರ ಅಥಣಿಯವ್ರೂ ತಗೊಳ್ಳಂಗಿಲ್ರಿ.”