ವೈಲ್ಡ್‌ಕಾರ್ಡ್ ಮಾಸ್ಕ್: ಕಳೆಯುವ ಲೆಕ್ಕಕ್ಕಿಂತ ಆಚೆ

ಅಭ್ಯಾಸ ಬೋಧನೆಯಲ್ಲಿ ನನ್ನ ಪಾಲಿಗೆ ಬಂದದ್ದು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಓಎಸ್‌ಪಿಎಫ್ ರೂಟಿಂಗ್ ಪಾಠ. ಅವರ ಪೂರ್ವಜ್ಞಾನ ಚೆನ್ನಾಗಿತ್ತು. /26ರ ಸಬ್‌ನೆಟ್ ಮಾಸ್ಕ್ 255.255.255.192, ಅದನ್ನು 255.255.255.255ರಿಂದ ಕಳೆದರೆ ವೈಲ್ಡ್‌ಕಾರ್ಡ್ 0.0.0.63. ಥಟ್ಟನೆ ಹೇಳಿದರು. ಪರೀಕ್ಷೆಗೆ ಇಷ್ಟು ಸಾಕು ಎಂಬುದು ಮಾರ್ಗದರ್ಶಕರ ಅಭಿಪ್ರಾಯ. ಇರಬಹುದು, ಆದರೆ ಇವರಲ್ಲಿ ಕೆಲವರು ಬೇಗನೆ ಯಾವುದೋ ಕಚೇರಿಯ ರೂಟರ್ ಮುಂದೆ ಕೂರುವವರು.

ಹಲಗೆಯ ಮೇಲೆ ಒಂದು ರೂಟರ್ ಬಿಡಿಸಿ ಮೂರು ಇಂಟರ್‌ಫೇಸ್ ಕೊಟ್ಟೆ: ಕಚೇರಿಗೆ 192.168.10.1/26, ಲ್ಯಾಬ್‌ಗೆ 192.168.10.65/26, ಹೊರಗಿನ ಸಂಸ್ಥೆಯ ರೂಟರ್ ಕಡೆಗೆ 192.168.10.129/30. ‘ನೆಟ್‌ವರ್ಕ್ 192.168.10.0 0.0.0.255 ಏರಿಯಾ 0’ ಎಂದು ಬರೆದರೆ ಯಾವುವು ಓಎಸ್‌ಪಿಎಫ್‌ಗೆ ಸೇರುತ್ತವೆ? ಮೂರೂ! ಹೊರಗಿನವರ ಕಡೆಗೂ ಹಲೋ ಸಂದೇಶ ಹೊರಡುತ್ತದೆ. ಅಲ್ಲಿಯೂ ಹೊಂದಿಕೆಯಾಗುವ ಓಎಸ್‌ಪಿಎಫ್ ಇದ್ದರೆ ನಮ್ಮ ಒಳಗಿನ ದಾರಿಗಳೆಲ್ಲ ಅವರಿಗೆ ಗೊತ್ತಾಗುತ್ತವೆ. 0.0.0.127 ಕೊಟ್ಟರೆ ಮೊದಲ ಎರಡು, 0.0.0.63 ಕೊಟ್ಟರೆ ಕಚೇರಿಯದು ಮಾತ್ರ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, 127 ಕೊಟ್ರೆ ಪಕ್ಕದ ರೂಟರ್‌ಗೆ /25 ಅಂತ ಹೋಗುತ್ತಾ?” ಇಡೀ ಪಾಠ ಈ ಪ್ರಶ್ನೆಯ ಮೇಲೆ ನಿಂತಿದೆ. ಪ್ಯಾಕೆಟ್ ಟ್ರೇಸರ್‌ನಲ್ಲಿ ಮಾಡಿಸಿದೆ. ಪಕ್ಕದ ರೂಟರ್‌ನ ಪಟ್ಟಿಯಲ್ಲಿ ಕಂಡದ್ದು ಎರಡು /26ಗಳೇ. ವೈಲ್ಡ್‌ಕಾರ್ಡ್ ಇಂಟರ್‌ಫೇಸ್‌ಗಳನ್ನು ಆರಿಸುತ್ತದೆ, ಅಷ್ಟೆ. ಹೊರಗೆ ಹೋಗುವ ವಿಳಾಸದ ಅಳತೆ ಆಯಾ ಇಂಟರ್‌ಫೇಸ್‌ನ ಸಬ್‌ನೆಟ್ ಮಾಸ್ಕ್‌ನದು. ಆಜ್ಞೆಗೆ ‘ನೆಟ್‌ವರ್ಕ್’ ಎಂಬ ಹೆಸರಿಟ್ಟದ್ದೇ ಗೊಂದಲದ ಮೂಲ ಎಂದು ನನಗನಿಸುತ್ತದೆ.

ಬಿಟ್‌ಗಳ ಅರ್ಥ ಆಮೇಲೆ ಸುಲಭವಾಯಿತು. ಸೊನ್ನೆ ಇದ್ದಲ್ಲಿ ವಿಳಾಸ ಹೊಂದಲೇಬೇಕು, ಒಂದು ಇದ್ದಲ್ಲಿ ಏನಿದ್ದರೂ ಸರಿ. ಹಾಗಾದರೆ ‘192.168.10.65 0.0.0.0’ ಆ ಒಂದೇ ವಿಳಾಸವನ್ನು ಹಿಡಿಯುತ್ತದೆ. ನನಗೆ ಇದೇ ಹೆಚ್ಚು ಇಷ್ಟ, ಅಚಾತುರ್ಯಕ್ಕೆ ಎಡೆಯಿಲ್ಲ. ಇಂಟರ್‌ಫೇಸ್ ಇಪ್ಪತ್ತಾದರೆ ಸಾಲೂ ಇಪ್ಪತ್ತು, ಅದು ಬೇರೆ ಮಾತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು “ಲೆಕ್ಕದ ಅಭ್ಯಾಸ ಸಾಲದು” ಎಂದು ಬರೆದರು. ಮೌಲ್ಯಮಾಪನಕ್ಕೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಒಂದು ಸಾಲಿನಲ್ಲಿ ಲ್ಯಾಬ್ ಮಾತ್ರ ಸೇರುವಂತೆ ಮಾಡಿ. ಕೆಲವರು ‘192.168.10.65 0.0.0.0’, ಕೆಲವರು ‘192.168.10.64 0.0.0.63’ ಬರೆದರು. ಎರಡಕ್ಕೂ ಪೂರ್ಣ ಅಂಕ ಕೊಟ್ಟು, ಅದನ್ನೇ ಏಕೆ ಆರಿಸಿದಿರಿ ಎಂದು ಪಕ್ಕದಲ್ಲಿ ಬರೆಸಿದೆ. ಹಿಂದಿನ ಬೆಂಚಿನವಳು 63ರ ಪಕ್ಕ ಬರೆದಿದ್ದಳು: “ನಾಳೆ ಲ್ಯಾಬ್ ಕಡೆಯ ಐಪಿ 65ರಿಂದ 66 ಆದರೂ ಈ ಸಾಲು ಮುಟ್ಟಬೇಕಿಲ್ಲ.”