ಅಲೀಪುರದಲ್ಲಿ ಕೇಳಿದ ಪ್ರಶ್ನೆ

ಬೆಂಗಳೂರಿನಿಂದ ದೊಡ್ಡಬಳ್ಳಾಪುರವನ್ನು ದಾಟಿ ಗೌರಿಬಿದನೂರಿನ ಸೀಮೆಯನ್ನು ಸೇರಿದರೆ ಅಲೀಪುರವು ಸಿಕ್ಕುವುದು. ಈ ಊರಿನ ನಿವಾಸಿಗಳಲ್ಲಿ ಹೆಚ್ಚಿನವರು ಷಿಯಾ ಮುಸಲ್ಮಾನರು. ಮೊಹರಮಿನ ಆಚರಣೆಗೂ ಹರಳುಗಳ ವ್ಯಾಪಾರಕ್ಕೂ ಊರು ಹೆಸರುವಾಸಿಯಾಗಿದೆ. ಮಿತ್ರರೊಬ್ಬರ ಕರೆಯ ಮೇರೆಗೆ ನಾವು ಅಲ್ಲಿಗೆ ಹೋಗಿದ್ದೆವು.

ಅವರ ಮನೆಯ ಹಿತ್ತಿಲ ಗೋಡೆಗೆ ಕಬ್ಬಿಣದ ಬಳೆಯೊಂದನ್ನು ಬಿಗಿದಿದ್ದರು. ತಲೆಗೆ ವಸ್ತ್ರ ಸುತ್ತಿಕೊಂಡ ಹನ್ನೆರಡರ ಬಾಲಕಿಯೊಬ್ಬಳು ಅದಕ್ಕೆ ಚೆಂಡೆಸೆಯುತ್ತಿದ್ದಳು. ನಾವು ನೋಡುತ್ತಿದ್ದಂತೆಯೇ ಐದರಲ್ಲಿ ಮೂರು ಸಲ ಚೆಂಡು ಬಳೆಯೊಳಗೆ ಬಿದ್ದಿತು. ಅವಳ ಅಜ್ಜಿಯವರು ನಕ್ಕು, "ಆಟವೇನೋ ಚೆನ್ನಾಗಿದೆ ಸಾಹೇಬರೆ, ಇದರಿಂದ ನಾಳೆ ರೊಟ್ಟಿ ಹುಟ್ಟುವುದೆ?" ಎಂದು ಕೇಳಿದರು. ಆಗ ನಮಗೆ ಉತ್ತರ ತೋಚಲಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಆ ಮಾತೇ ಮನಸ್ಸಿನಲ್ಲಿತ್ತು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ. ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬಾಕೆ ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದರು. ಆಟ ಬೇಗನೆ ಬಂದಿತು, ರೊಟ್ಟಿ ಮಾತ್ರ ತಡವಾಗಿ ಬಂದಿತು. ಹೆಂಗಸರಿಗೆ ಸಂಬಳ ಕೊಟ್ಟು ಆಡಿಸುವ ಕ್ಲಬ್ಬುಗಳ ಕೂಟವೊಂದು ಆ ದೇಶದಲ್ಲಿ ಭದ್ರವಾಗಿ ನೆಲೆನಿಂತದ್ದು 1997ರಿಂದೀಚೆಗೆ. ಅದರ ಮೊದಲ ಎಂಟು ತಂಡಗಳಲ್ಲಿ ಹ್ಯೂಸ್ಟನ್ ನಗರದ ಕಾಮೆಟ್ಸ್ ಒಂದು. ಸಿಂಥಿಯಾ ಕೂಪರ್, ಶೆರಿಲ್ ಸ್ವೂಪ್ಸ್, ಟೀನಾ ಥಾಂಪ್ಸನ್ ಎಂಬ ಮೂವರು ಅದರ ಕೀರ್ತಿಗೆ ಕಾರಣರಾದರು. 1997ರಿಂದ 2000ದ ವರೆಗೆ ಮೊದಲ ನಾಲ್ಕು ಪ್ರಶಸ್ತಿಗಳೂ ಅದರವೇ. ಆದರೂ ಕೊಳ್ಳುವ ಧಣಿ ಸಿಕ್ಕದೆ 2008ರಲ್ಲಿ ಆ ಕ್ಲಬ್ಬು ಮುಚ್ಚಿಹೋಯಿತು. ಗೆದ್ದವರ ಮನೆಯ ದೀಪವೂ ಎಣ್ಣೆಯಿಲ್ಲದೆ ಉರಿಯಲಾರದು.

ಸಂಬಳವಿದ್ದ ಕಡೆಯೂ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಸ್ಪ್ರಿಂಗ್‌ಫೀಲ್ಡಿನವರೇ ಆದ ಬಿಲ್ಕೀಸ್ ಅಬ್ದುಲ್ ಖಾದಿರ್ ಶಾಲೆಯ ದಿನಗಳಲ್ಲಿಯೇ 3,000ಕ್ಕೂ ಹೆಚ್ಚು ಅಂಕಗಳನ್ನು ಗಳಿಸಿದ್ದರು. ಪರದೇಶದ ಕ್ಲಬ್ಬುಗಳಲ್ಲಿ ಆಡಬೇಕೆಂಬ ಅವರ ಆಸೆಗೆ ತಲೆವಸ್ತ್ರವನ್ನು ನಿಷೇಧಿಸಿದ್ದ ಅಂತರರಾಷ್ಟ್ರೀಯ ನಿಯಮವು ಅಡ್ಡಬಂದಿತು. 2017ರ ಮೇ ತಿಂಗಳಲ್ಲಿ ಆ ನಿಯಮದ ತಿದ್ದುಪಡಿಗೆ ಒಪ್ಪಿಗೆ ದೊರೆಯಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿತು.

ಅದೇ ವರ್ಷದ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಏಷ್ಯಾದ ಮಹಿಳೆಯರ ಪಂದ್ಯಾವಳಿ ನಡೆದು, ಭಾರತದ ತಂಡವು ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ಎರಡೇ ಅಂಕಗಳ ಅಂತರ! ಆ ತಂಡದ ಹಿರಿಯರಾದ ಅನಿತಾ ಪಾಲ್‌ದೊರೈ ದಕ್ಷಿಣ ರೈಲ್ವೆಯವರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮ ದೇಶದಲ್ಲಿ ಎಷ್ಟೋ ಆಟಗಾರ್ತಿಯರಿಗೆ ಅನ್ನವಿತ್ತದ್ದು ಕ್ಲಬ್ಬಲ್ಲ, ರೈಲ್ವೆಯ ನೌಕರಿ.

ಊರಿಗೆ ಬಂದ ಮೇಲೆ ಮಿತ್ರರಿಗೆ ಕಾಗದ ಬರೆದೆವು: "ತಾಯಿಯವರಿಗೆ ನಮ್ಮ ಸಲಾಮು ತಿಳಿಸಿರಿ. ಆಟದಿಂದ ರೊಟ್ಟಿ ಹುಟ್ಟಿದ್ದುಂಟು, ಆದರೆ ಕೆಲವರಿಗೆ ಮಾತ್ರ. ಕ್ಲಬ್ಬನ್ನು ನಂಬಿ ಮಗುವಿನ ಓದನ್ನು ಬಿಡಿಸಬೇಡಿರಿ. ತಲೆಯ ಮೇಲಿನ ವಸ್ತ್ರವಂತೂ ಇನ್ನು ಅವಳಿಗೆ ಅಡ್ಡಿಯಲ್ಲ. ಗೋಡೆಯ ಬಳೆಯನ್ನು ಕೀಳಬೇಡಿರಿ."