ಯಾವ ಊರು ಛಲೋ?

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಫೋನು ಮಾಡಿದ್ದ. “ಸರ್, ಸಣ್ಣ ಮಕ್ಕಳನ್ನ ಕಟ್ಟಿಕೊಂಡು ನಮ್ಮ ಕಡೆಗೇ ಬರ್ತೇನ್ರಿ. ರೋಣ, ನರಗುಂದ, ಗಜೇಂದ್ರಗಡ, ಯಾವ ಊರು ಛಲೋ?”

1992ರಲ್ಲಿ ಇದೇ ಪ್ರಶ್ನೆ ನನ್ನ ಮುಂದಿತ್ತು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಆಗ ಮೂರೂ ಧಾರವಾಡ ಜಿಲ್ಲೆಯ ಊರುಗಳು. ನನ್ನಾಕೆಗೆ ಗುಡ್ಡದ ಸೆರಗಿನ ಗಜೇಂದ್ರಗಡ ಇಷ್ಟ. ನನಗೆ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ನರಗುಂದ ಅನುಕೂಲವೆನಿಸಿತ್ತು. ಆದರೆ 1980ರ ರೈತ ಬಂಡಾಯದ ಗೋಲಿಬಾರನ್ನು ತಂದೆಯವರು ಮರೆತಿರಲಿಲ್ಲ. ಕೊನೆಗೆ, ಮಕ್ಕಳು ಶಾಲೆಗೆ ನಡೆದೇ ಹೋಗಬಹುದೆಂದು ನಾನೇ ನಿರ್ಧರಿಸಿ ರೋಣದಲ್ಲಿ ಬಾಡಿಗೆ ಮನೆ ಹಿಡಿದೆ.

ಬೇಸಿಗೆ ಬಂದಾಗ ನನ್ನಾಕೆ ಕೊಡ ಹಿಡಿದು ಸರದಿ ನಿಂತಳು. “ನೀವು ಸಾಲಿ ನೋಡಿದ್ರಿ, ನಳ ನೋಡಲಿಲ್ಲ” ಎಂದು ಒಂದೇ ಸಲ ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಶಿಷ್ಯನಿಗೆ ಊರಿನ ಹೆಸರು ಹೇಳಲಿಲ್ಲ. ಹೇಳಿದ್ದಿಷ್ಟು: ಗಜೇಂದ್ರಗಡ ಈಗ ತಾಲೂಕು ಕೇಂದ್ರ, ಕಚೇರಿಗಳಿಗಾಗಿ ರೋಣಕ್ಕೆ ಅಲೆಯಬೇಕಿಲ್ಲ. ನರಗುಂದದಲ್ಲಿ ಈಚಿನ ವರ್ಷಗಳಲ್ಲಿ ನೆಲ ಕುಸಿದದ್ದುಂಟು. ಮನೆಯಡಿ ಹಳೆಯ ಹಗೇವು ಇದೆಯೇ ಎಂದು ವಿಚಾರಿಸು. ಎಲ್ಲಿಗಾದರೂ ಏಪ್ರಿಲ್ ತಿಂಗಳಲ್ಲಿ ಹೋಗು; ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಓಣಿಯ ಹೆಣ್ಣುಮಕ್ಕಳನ್ನು ಕೇಳು. ಹೆಂಡತಿಯನ್ನೂ ಕರೆದುಕೊಂಡು ಹೋಗಪ್ಪ. ಅಂದು ನಾನು ಹಾಗೆ ಮಾಡಲಿಲ್ಲ.